ಗಾಜಿಲ್ಲದ ಮನೆ

ನನಗೆ ರುದ್ರಾಣಿ ಅಂತ ಹೆಸರಿಟ್ಟರು, ಸಿಟ್ಟು ಮಾತ್ರ ನನ್ನ ತಮ್ಮನಿಗೆ ಬಂತು. ನನಗೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನದು ಬಾಯಲ್ಲೇ ಮುಗಿದುಹೋಗುವ ಸಿಟ್ಟು. ಚೆನ್ನಾಗಿ ಬೈದು ಒಂದು ಲೋಟ ಕಾಫಿ ಕುಡಿದರೆ ಮುಗಿಯಿತು. ನಂಜುಂಡೇಶನದು ಹಾಗಲ್ಲ, ಅವನದು ಕೈಗೆ ಇಳಿಯುತ್ತಿತ್ತು.

ನಮ್ಮ ತವರು ನಂಜನಗೂಡು. ಕಪಿಲೆಯ ಸ್ನಾನಘಟ್ಟಕ್ಕೆ ಹೋಗುವ ಬೀದಿಯಲ್ಲಿ ಮನೆ, ಪೇಟೆಯಲ್ಲಿ ಅಪ್ಪನ ಬಾಳೆಮಂಡಿ. ಆ ಮನೆಯಲ್ಲಿ ಗಾಜು ಅಂತ ಉಳಿದಿದ್ದದ್ದು ಒಂದು ಕನ್ನಡಿ ಮಾತ್ರ. ಅದನ್ನೂ ಅವ್ವ ಸೂರಿನ ಹತ್ತಿರ ಮೊಳೆ ಹೊಡೆಸಿ ನೇತುಹಾಕಿಸಿದ್ದಳು. ನಾನು ತಲೆ ಬಾಚಿಕೊಳ್ಳಬೇಕಾದರೆ ಸ್ಟೂಲು ಹತ್ತಬೇಕಾಗಿತ್ತು. ನನ್ನನ್ನು ನೋಡಲು ಬಂದ ದಿನ ನಮ್ಮ ಯಜಮಾನರು ತಲೆಯೆತ್ತಿ ಆ ಕನ್ನಡಿ ನೋಡಿ, "ಈ ಮನೇಲಿ ಅಷ್ಟುದ್ದ ಇರೋರು ಯಾರು?" ಅಂತ ಕೇಳಿದ್ದರು. ಅಪ್ಪ ಕೆಮ್ಮಿದ. ಅವ್ವ ಉಪ್ಪಿಟ್ಟು ತರಲು ಒಳಗೆ ಓಡಿದಳು. ನಾನು ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಗಾಜು ಹೋದದ್ದು ಒಂದೇ ದಿನಕ್ಕಲ್ಲ. ಮೊದಲು ಹೋದದ್ದು ಅವ್ವನ ಉಪ್ಪಿನಕಾಯಿ ಜಾಡಿ. ನಂಜನಿಗೆ ಆಗ ಹತ್ತು ವರ್ಷವಿದ್ದಿರಬೇಕು. ಊಟಕ್ಕೆ ಕೂತಿದ್ದಾಗ ಅಪ್ಪ ಪಕ್ಕದ ಮನೆಯ ಪುಟ್ಟರಾಜುವಿನ ಅಕ್ಷರ ಹೊಗಳಿದ. "ಮುತ್ತು ಪೋಣಿಸ್ದಂಗೆ ಬರೀತದೆ ಕಣೆ ಆ ಮಗ" ಅಂದ, ಅಷ್ಟೆ. ನಂಜನನ್ನು ಬೈಯಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಜಾಡಿ ಗೋಡೆಗೆ ಬಡಿದು ಚೂರಾಯಿತು. ಎಣ್ಣೆ, ಖಾರ, ಮಾವಿನಕಾಯಿ ಹೋಳು ಎಲ್ಲ ಗೋಡೆಯ ಮೇಲೆ. ಅಪ್ಪ ಕೈಯೆತ್ತಿದ, ಅವ್ವ ಮಧ್ಯೆ ಬಂದಳು, ಇವನು ಬಾಗಿಲು ದಾಟಿ ಹೊಳೆಯ ಕಡೆ ಓಡಿಹೋದ. ಆಮೇಲೆ ಅವ್ವ ನನ್ನನ್ನು ಕರೆದಳು.

"ಓಗವ್ವಾ, ತಮ್ಮನ್ನ ಊಟಕ್ಕೆ ಕರ್ಕಂಡು ಬಾ. ಮುನಿಸ್ಕಂಡು ಓಗಿರೋನು ಅಸ್ಕಂಡಿದ್ರೆ ನಂಗೆ ತುತ್ತು ಇಳಿಯಾಕಿಲ್ಲ."

ನನ್ನ ಲಂಗದ ಮಡಿಲಿಗೆ ಎರಡು ರಸಬಾಳೆ ಹಣ್ಣು ಹಾಕಿ ಕಳಿಸಿದಳು. ನಂಜ ಕೆಳಗಿನ ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗೆ ಬಿಟ್ಟಿದ್ದ. ನಾನು ಪಕ್ಕದಲ್ಲಿ ಕೂತು, "ಮಗಾ, ಬಾರೋ ಊಟಕ್ಕೆ" ಅಂದೆ. ಅವನು ಒಂದು ಹಣ್ಣು ಸುಲಿದ, ಅರ್ಧ ಮಾಡಿದ, ದೊಡ್ಡ ಅರ್ಧವನ್ನು ನನಗೆ ಕೊಟ್ಟ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.

"ಅಕ್ಕಾ, ನಾನು ಕೆಟ್ಟೋನಾ?"

"ಇಲ್ಲ ಕಣೋ. ಬಾ, ಮುದ್ದೆ ಆರೋಗ್ತದೆ."

ಅವತ್ತಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಅವನು ಏನಾದರೂ ಎಸೆಯುವುದು, ಹೊಳೆಗೆ ಹೋಗಿ ಕೂರುವುದು, ನಾನು ಹಣ್ಣು ಹಿಡಿದು ಕರೆಯಲು ಹೋಗುವುದು. ಅವನು ವಾಪಸು ಬಂದ ಮೇಲೆ ಆದದ್ದರ ಮಾತು ಯಾರೂ ಎತ್ತಬಾರದು. ಅವನನ್ನು ಕೆಣಕಿದವರು ಯಾರೋ ಅವರೇ ಅವನ ತಟ್ಟೆಗೆ ಮೊದಲು ಬಡಿಸಬೇಕು. ಜಾಡಿಯ ದಿನ ಅಪ್ಪನೇ ಬಡಿಸಿದ, ಮೇಲೆ ತುಪ್ಪವನ್ನೂ ಹಾಕಿದ. ಬಡಿಸಿದರೆ ಮುಗಿಯಿತು, ಮನೆ ಮತ್ತೆ ಮೊದಲಿನಂತೆ ನಗುತ್ತಿತ್ತು. ಜಾಡಿಯಾದ ಮೇಲೆ ಲ್ಯಾಂಪಿನ ಬುರುಡೆ, ಅದಾದ ಮೇಲೆ ದೇವರ ಪಟದ ಗಾಜು, ಗಾಜಿನ ಲೋಟಗಳು. ಹೋದದ್ದರ ಜಾಗಕ್ಕೆ ಅವ್ವ ಸ್ಟೀಲು ತಂದಿಟ್ಟಳು. "ಇನ್ನು ಏನ್ ಒಡೀತಾನೋ ಒಡೀಲಿ" ಅಂತ ಹೆಮ್ಮೆಯಿಂದ ಹೇಳುತ್ತಿದ್ದಳು.

ನನಗೂ ಏನು ಹೆಮ್ಮೆ ಅಂತೀರಿ! ಯಾರು ಕರೆದರೂ ಏಳದವನು ನಾನು ಕರೆದರೆ ಏಳುತ್ತಾನೆ. ನಿಜ ಹೇಳಬೇಕೆಂದರೆ ನನ್ನ ಬದುಕಿನಲ್ಲಿ ಎಲ್ಲಕ್ಕಿಂತ ಸಿಹಿಯಾಗಿದ್ದ ಹೊತ್ತು ಅದೇ. ಒದ್ದೆ ಬಟ್ಟೆಯ ವಾಸನೆ, ದೇವಸ್ಥಾನದಿಂದ ಗಂಟೆಯ ಸದ್ದು, ಪಕ್ಕದಲ್ಲಿ ಅತ್ತು ಹಗುರಾದ ತಮ್ಮ. ಆಗ ಅವನು ಎಷ್ಟು ಮೆತ್ತಗಿರುತ್ತಿದ್ದ, ಎಷ್ಟು ಮಾತಾಡುತ್ತಿದ್ದ! ದೊಡ್ಡವನಾದ ಮೇಲೆ ನನಗೆ ದೊಡ್ಡ ಮನೆ ಕಟ್ಟಿಸಿ ಕೊಡುತ್ತಾನಂತೆ, ಅದರಲ್ಲಿ ಕನ್ನಡಿ ಕೆಳಗೇ ಇರುತ್ತದಂತೆ. ಈಗಲೂ ಎಲ್ಲಾದರೂ ಒಳ್ಳೆಯ ರಸಬಾಳೆಯ ವಾಸನೆ ಬಂದರೆ ನನಗೆ ಆ ಮೆಟ್ಟಿಲು ನೆನಪಾಗುತ್ತದೆ.

ಮದುವೆಯಾಗಿ ನಾನು ತಿ. ನರಸೀಪುರಕ್ಕೆ ಬಂದೆ. ಬಂದರೇನು, ಪದ್ಧತಿ ನಿಲ್ಲಲಿಲ್ಲ. ನಂಜನಗೂಡಿನಿಂದ ಫೋನು ಬಂದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಬಸ್ಸು ಹತ್ತುತ್ತಿದ್ದೆ. ಅಪ್ಪ ಹೋದ, ಅವ್ವ ಹೋದಳು, ಮಂಡಿ ನಂಜನ ಕೈಗೆ ಬಂತು. ಮಂಡಿಯಲ್ಲಿ ಅವನನ್ನು ನೋಡಬೇಕಿತ್ತು ನೀವು. ಗಿರಾಕಿ ಎಷ್ಟು ಚೌಕಾಸಿ ಮಾಡಿದರೂ ನಗುವವನೇ, ಹಮಾಲರಿಗೆ ಟೀ ತರಿಸಿಕೊಡುವವನೇ. ಅವನ ಸಿಟ್ಟು ಹೊರಗಿನವರಿಗೆ ಸಿಗುತ್ತಲೇ ಇರಲಿಲ್ಲ. ಯಾರನ್ನು ಹಚ್ಚಿಕೊಂಡಿದ್ದನೋ ಅವರಿಗೇ ಅದು ಮೀಸಲು.

ಅವನು ಹಚ್ಚಿಕೊಂಡದ್ದರಲ್ಲಿ ಹೆಚ್ಚು ಅಂದರೆ ಹೆಂಡತಿಯನ್ನು. ಶ್ವೇತ ತಗಡೂರಿನ ಕಡೆಯವಳು, ಮೆಲು ಮಾತಿನವಳು. ಮಕ್ಕಳಾಗಲಿಲ್ಲ. ಅವಳು ತವರಿಗೆ ಹೋದರೆ ಇವನಿಗೆ ನಿದ್ದೆಯಿಲ್ಲ, ಅವಳು ಬೇರೆ ಯಾರ ಹತ್ತಿರವಾದರೂ ನಗುನಗುತ್ತಾ ಮಾತಾಡಿದರೆ ಮುಖ ಸೊಟ್ಟಗೆ. ಹೋದ ವರ್ಷ ತಗಡೂರಿನಲ್ಲಿ ಯಾರದೋ ಮದುವೆ ಮುಗಿಸಿ ಬರುವಾಗ ಬಸ್ಸು ಕೆಟ್ಟು ನಿಂತಿತು, ಅವಳ ಫೋನಿನಲ್ಲಿ ಚಾರ್ಜಿರಲಿಲ್ಲ. ಮನೆಗೆ ಬಂದಾಗ ಇವನು ನಡುಮನೆಯಲ್ಲಿ ನಿಂತೇ ಇದ್ದನಂತೆ. "ನನ್ನ ಬುಟ್ಟು ಓಗ್ಬುಟ್ಟೆ ಅನ್ಕಂಡೆ" ಅಂದನಂತೆ. "ಹೇಳೇ ಹೋಗಿದ್ನಲ್ಲಾ" ಅಂದಳು ಅವಳು. ಸ್ಟೀಲಿನ ಬಿಂದಿಗೆ ಹಾರಿ ಬಂತು. ಅವ್ವ ತಂದಿಟ್ಟ ಬಿಂದಿಗೆ, ಒಂದು ನೆಗ್ಗೂ ಬೀಳಲಿಲ್ಲ ಅದಕ್ಕೆ. ಆ ಮನೆಯಲ್ಲಿ ಒಡೆಯುವಂಥದ್ದು ಇನ್ನೇನು ಉಳಿದಿತ್ತು, ಅವಳೊಬ್ಬಳನ್ನು ಬಿಟ್ಟು? ಬಲಗೈ ಮಣಿಕಟ್ಟು ಮುರಿಯಿತು.

ಮೈಸೂರಿನಲ್ಲಿ ಮೂಳೆ ಡಾಕ್ಟರು ಬ್ಯಾಂಡೇಜು ಹಾಕುತ್ತಾ ಹೇಗಾಯಿತಮ್ಮಾ ಅಂತ ಕೇಳಿದರಂತೆ. ಶ್ವೇತ ಬಿದ್ದೆ ಅನ್ನಲಿಲ್ಲ, ಆದದ್ದನ್ನು ಆದಹಾಗೆ ಹೇಳಿದಳು. ಗಂಡನನ್ನು ಮನಸ್ಸಿನ ಡಾಕ್ಟರಿಗೆ ತೋರಿಸು ಅಂತ ಅವರು ಚೀಟಿ ಬರೆದುಕೊಟ್ಟರು. ನಂಜ ಹೋಗುವುದಿಲ್ಲ ಅಂತ ಕೂತ. ನಾನು ಹೋಗಿ, "ಏನ್ಲಾ, ನಾನ್ ಕರೆದ್ರೂ ಬರಾಕಿಲ್ವೇನ್ಲಾ?" ಅಂದೆ. ಬಂದ.

ಆ ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಅವನ ಹತ್ತಿರ ಎಷ್ಟೋ ಹೊತ್ತು ಮಾತಾಡಿ, ಅವನ ಎದುರಿಗೇ ನನಗೂ ಹೇಳಿದಳು. ಇದಕ್ಕೆ ಪರ್ಸನಾಲಿಟಿ ಡಿಸಾರ್ಡರ್ ಅನ್ನುತ್ತಾರಂತೆ, ಹುಚ್ಚಲ್ಲವಂತೆ.

"ಸ್ವಭಾವದ ಕಟ್ಟೇ ಹಾಗಿರುತ್ತೆ ಅಮ್ಮ. ನಮಗೆ ಸಣ್ಣ ಮಾತು ಅನ್ಸಿದ್ದು ಇವರಿಗೆ ದೊಡ್ಡ ಅವಮಾನ ಅನ್ಸುತ್ತೆ. ಹತ್ತಿರದೋರು ಬಿಟ್ಟುಹೋಗ್ತಾರೆ ಅನ್ನೋ ಭಯ ಒಳಗೇ ಇರುತ್ತೆ, ಅದೇ ಸಿಟ್ಟಾಗಿ ಹೊರಗೆ ಬರುತ್ತೆ."

"ಅಂಗಾರೆ ಇದು ಕಾಯಿಲೆ. ಅವುನ್ ತಪ್ಪೇನಿಲ್ಲ ಅನ್ನಿ" ಅಂದೆ ನಾನು, ಎದೆಯ ಮೇಲಿನ ಭಾರ ಇಳಿದು.

"ಹಾಗಲ್ಲ. ಈ ತೊಂದರೆ ಇರೋ ಎಷ್ಟೋ ಜನ ಯಾರ ಮೇಲೂ ಕೈ ಮಾಡಲ್ಲ. ತಮ್ಮನ್ನೇ ತಾವು ನೋಯಿಸಿಕೊಳ್ಳೋರೇ ಜಾಸ್ತಿ. ಭಯ ಇವರ ಕೈಲಿಲ್ಲ ಅನ್ನಿ, ಎಸೆಯೋದು ಇವರ ಕೈಲಿದೆ. ಮಂಡೀಲಿ ಎಸೆಯಲ್ವಲ್ಲಾ? ಕಲಿತಿರೋದನ್ನ ಬಿಡೋದನ್ನೂ ಕಲೀಬಹುದು, ಆದ್ರೆ ಬೇಗ ಆಗಲ್ಲ." ಆಮೇಲೆ ಕೇಳಿದಳು: "ಗಲಾಟೆ ಆದ ಮೇಲೆ ಮನೇಲಿ ಏನ್ ಮಾಡ್ತೀರಿ?"

ನಾನು ಖುಷಿಯಿಂದ ಎಲ್ಲ ಹೇಳಿದೆ. ಹೊಳೆ ಮೆಟ್ಟಿಲು, ರಸಬಾಳೆ, ಮೊದಲು ಬಡಿಸುವುದು, ಎಲ್ಲ. ಅವಳು ಎಲ್ಲ ಕೇಳಿಸಿಕೊಂಡು, "ಇನ್ನು ಮೇಲೆ ಕರೆಯೋಕೆ ಹೋಗಬೇಡಿ. ಅವರಾಗೇ ಬರಲಿ" ಅಂದಳು.

ನನಗೆ ಮೈಯೆಲ್ಲ ಉರಿಯಿತು. ಔಷಧಿ ಕೊಡು ಅಂತ ಬಂದರೆ ಒಡಹುಟ್ಟಿದವನನ್ನು ಊಟಕ್ಕೆ ಕರೆಯಬೇಡ ಅನ್ನುತ್ತಾಳಲ್ಲ, ಇವಳ ಓದಿಗಿಷ್ಟು ಬೆಂಕಿ ಹಾಕ! ದಾರಿಯುದ್ದಕ್ಕೂ ಬಸ್ಸಿನಲ್ಲಿ ಗೊಣಗಿದೆ. ನಂಜ ಕಿಟಕಿಯಾಚೆ ನೋಡುತ್ತಾ ಕೂತಿದ್ದ.

ಬ್ಯಾಂಡೇಜು ಹಾಕಿದ ಕೈಯಲ್ಲೇ ಶ್ವೇತ ಬಂದದ್ದು ನನ್ನ ಮನೆಗೆ. ಗಂಡನನ್ನು ಬಿಟ್ಟು ಬಂದವಳು ಗಂಡನ ಅಕ್ಕನ ಮನೆ ಸೇರುವುದನ್ನು ಎಲ್ಲಾದರೂ ಕಂಡಿದ್ದೀರಾ? "ತವರಿಗೆ ಹೋದ್ರೆ ಅನುಸರ್ಸ್ಕಂಡು ಓಗವ್ವಾ ಅಂತ ಮಾರನೇ ದಿನಾನೇ ಕಳಿಸ್ತಾರೆ ಅಕ್ಕ. ನೀವಾದ್ರೆ ಅವರ ಸಿಟ್ಟು ಕಂಡೋರು" ಅಂದಳು. ನಮ್ಮ ಯಜಮಾನರು ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟರು. ನಂಜ ತಪ್ಪದೆ ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ ಅಂತ ಗೊತ್ತಾಗುತ್ತಿತ್ತು. ಅವಳ ಕೈ ಕೂಡಿಕೊಂಡಿತು, ಬ್ಯಾಂಡೇಜು ಬಿಚ್ಚಿದರು. ಇನ್ನು ವಾಪಸು ಹೋಗುತ್ತಾಳೆ, ತವರಿನ ದೀಪ ಮತ್ತೆ ಉರಿಯುತ್ತದೆ ಅಂತ ನಾನು ಒಳಗೊಳಗೇ ದಿನ ಎಣಿಸುತ್ತಿದ್ದೆ.

ಮೊನ್ನೆ ಭಾನುವಾರ ಬೆಳಿಗ್ಗೆ ನಂಜ ಬಂದ. ಕೈಯಲ್ಲಿ ಒಂದು ಚಿಪ್ಪು ರಸಬಾಳೆ. ಬಿಳಿ ಶರಟು, ಹಣೆಯಲ್ಲಿ ವಿಭೂತಿ. ಇಳಿದುಹೋಗಿದ್ದ. ಹಜಾರದಲ್ಲಿ ಕೂತು, "ಶ್ವೇತಾ, ಕರ್ಕಂಡೋಗಾಕೆ ಬಂದಿವ್ನಿ" ಅಂದ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈಗ್ಲೇ ಬೇಡ. ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ತೀನಿ" ಅಂದಳು.

ಅವನ ಕಿವಿ ಕೆಂಪಾಯಿತು. ಆ ಕಿವಿ ನನಗೆ ಗೊತ್ತು. ಎದ್ದ. ಏನೂ ಎಸೆಯಲಿಲ್ಲ. ಗೇಟನ್ನು ಮಾತ್ರ ಧಡಾರನೆ ಬಡಿದು ಹೋದ. ಎಲ್ಲಿಗೆ ಹೋಗುತ್ತಾನೆ ಅಂತ ಕೇಳಬೇಕೆ? ಇಲ್ಲಿಯೂ ಹೊಳೆಯಿದೆ, ಕಪಿಲೆ ಬಂದು ಕಾವೇರಿಗೆ ಸೇರುವ ಕಡೆ ಮೆಟ್ಟಿಲಿವೆ.

ಮಧ್ಯಾಹ್ನವಾಯಿತು. ಮುದ್ದೆ, ಅವರೆಕಾಳಿನ ಸಾರು ಆಗಿತ್ತು. ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದ ಎದುರು ಮನೆಯ ಮುತ್ತಮ್ಮ ಗೇಟಿನ ಹತ್ತಿರ ನಿಂತು ಕೂಗಿದಳು. "ರುದ್ರಾಣಕ್ಕಾ, ನಿಮ್ಮ ತಮ್ಮ ಆ ಬಿಸಿಲಲ್ಲಿ ಕುಂತವ್ರೆ. ಊಟಕ್ಕೆ ಕರೀರವ್ವಾ, ಪಾಪ."

ನಮ್ಮ ಯಜಮಾನರೂ, "ಹೋಗ್ ಕರ್ಕೊಂಡ್ ಬಾ ಮಾರಾಯ್ತಿ, ನಂಗೂ ಹಸಿವಾಯ್ತು" ಅಂದರು.

ಕಾಲು ತಾನಾಗಿ ಚಪ್ಪಲಿ ಮೆಟ್ಟಿತು. ಅವನು ತಂದ ಚಿಪ್ಪಿನಿಂದಲೇ ಎರಡು ಹಣ್ಣು ಮುರಿದು ಸೆರಗಿಗೆ ಕಟ್ಟಿಕೊಂಡೆ. ಈ ವಯಸ್ಸಿನಲ್ಲೂ ಆಗ ನನ್ನ ಎದೆ ಹೇಗೆ ಕುಣಿಯಿತು! ಪಕ್ಕದಲ್ಲಿ ಕೂರುತ್ತೇನೆ, ಅವನು ಅರ್ಧ ಮಾಡುತ್ತಾನೆ, ದೊಡ್ಡ ಅರ್ಧ ನನಗೆ. ಬಾಗಿಲು ದಾಟುವಾಗ ಶ್ವೇತ ಹಿಂದಿನಿಂದ, "ಓಗಿ ಕರ್ಕಂಬನ್ನಿ ಅಕ್ಕ. ನಾನು ಬಟ್ಟೆ ಜೋಡಿಸ್ಕತೀನಿ" ಅಂದಳು.

"ಯಾಕವ್ವಾ?"

"ನೀವು ಕರ್ಕಂಬತ್ತೀರಿ. ನಾನು ಮೊದಲು ಬಡಿಸ್ಬೇಕು. ಬಡಿಸಿದ್ಮೇಲೆ ಆಗಿದ್ದೆಲ್ಲ ಆಯ್ತು, ಓಗದೆ ಇನ್ನೇನ್ ಮಾಡ್ಲಿ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಮಳೆ ಬರುವ ಹಾಗಿದೆ ಅನ್ನುವವರ ಹಾಗೆ ಹೇಳಿದಳು. ನಾನು ಹೊಸಿಲ ಮೇಲೆ ನಿಂತೆ. ಒಂದು ಕಡೆ ನನ್ನ ತಮ್ಮ ಬಿಸಿಲಲ್ಲಿ, ಇನ್ನೊಂದು ಕಡೆ ಇವಳ ಮಣಿಕಟ್ಟು. ಆ ಡಾಕ್ಟರನ್ನು ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈದೆ. ಬೈದು, ಚಪ್ಪಲಿ ಬಿಟ್ಟು ಒಳಗೆ ಬಂದೆ.

"ತಟ್ಟೆ ಆಕವ್ವಾ, ಉಣ್ಣಾಣ" ಅಂದೆ.

ಉಂಡೆವು. ಯಜಮಾನರು ನನ್ನ ಮುಖ ನೋಡಿ ತಟ್ಟೆ ಎಳೆದುಕೊಂಡರು. ಅವ್ವ ಸುಳ್ಳು ಹೇಳಿರಲಿಲ್ಲ, ತುತ್ತು ಇಳಿಯುವುದೇ ಇಲ್ಲ. ನೀರು ಕುಡಿದು ಕುಡಿದು ಮುದ್ದೆ ನುಂಗಿದೆ.

ಕೈ ತೊಳೆಯುವ ಹೊತ್ತಿಗೆ ಗೇಟಿನ ಸದ್ದಾಯಿತು. ನಂಜ ಬಾಗಿಲಲ್ಲಿ ನಿಂತಿದ್ದ. ಮುಖ ಕಂದಿಹೋಗಿತ್ತು.

"ಯಾಕಕ್ಕಾ ಕರೆಯಾಕೆ ಬರ್ಲಿಲ್ಲ?"

"ಬರ್ಬೇಡಿ ಅಂದವ್ರಲ್ಲ ನಿನ್ ಡಾಕ್ಟ್ರಮ್ಮ."

"ನಂಗೂ ಅದೇ ಏಳವ್ರೆ" ಅಂದ. ಚಪ್ಪಲಿ ಬಿಟ್ಟು ಒಳಗೆ ಬಂದು, "ನಾನಾಗೇ ಬಂದೆ" ಅಂದ.

"ತಟ್ಟೆ ಅಲ್ಲೇ ಅದೆ, ಬಡಿಸ್ಕಂಡು ಉಣ್ಣು."

ತಾನೇ ಬಡಿಸಿಕೊಂಡ. ಅರವತ್ತರ ಹತ್ತಿರದ ಅಕ್ಕ, ಐವತ್ತು ದಾಟಿದ ತಮ್ಮ. ಇಬ್ಬರ ಜನ್ಮದಲ್ಲೂ ಅದು ಹೊಸದು. ಅವನು ಉಣ್ಣುತ್ತಿರುವಾಗ ಯಜಮಾನರು ಮಜ್ಜಿಗೆ ಕೊಟ್ಟರು. ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿಯುವುದು ಗಾಜಿನ ಲೋಟದಲ್ಲೇ. ನಂಜ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ.

"ಏನ್ ಭಾವ, ಗಾಜಿಂದು ಕೊಟ್ಬುಟ್ಟಿದ್ದೀರಿ! ಧೈರ್ಯ ಕಣ್ರೀ ನಿಮ್ಗೆ."

"ನಿಮ್ಮನೇಲಿ ಆ ಕನ್ನಡಿ ಇನ್ನೂ ಅಲ್ಲೇ ಇದ್ಯೇನಯ್ಯಾ?" ಅಂದರು ಯಜಮಾನರು.

"ಅಲ್ಲೇ ಅದೆ. ಮೂವತ್ತು ವರ್ಷದಿಂದ ನಾನೂ ಸ್ಟೂಲ್ ಅತ್ಕಂಡೇ ಗಡ್ಡ ಕೆರಕತಾ ಇವ್ನಿ."

ನಗು ಬಂತು ನೋಡಿ. ನನಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಶ್ವೇತ ಕೂಡ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಅವನು ಮಜ್ಜಿಗೆ ಕುಡಿದು ಲೋಟವನ್ನು ಸದ್ದಾಗದ ಹಾಗೆ ನೆಲದ ಮೇಲಿಟ್ಟ. ತಟ್ಟೆಯನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ತೊಳೆಯಲು ಹೋದ. ನನ್ನ ಮನಸ್ಸು ಕರಗಿ ನೀರಾಯಿತು. ಬದಲಾಗಿದ್ದಾನೆ, ಇನ್ನೇನು ಬೇಕು? ನಮ್ಮ ನಂಜ ನಮಗೆ ಸಿಕ್ಕಿದ, ಹೋಗವ್ವಾ ಅವನ ಜೊತೆ ಅಂತ ಅವಳಿಗೆ ಹೇಳಿಬಿಡೋಣ ಅಂತ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ.

"ಶ್ವೇತಾ" ಅಂದೆ. ಕೈಯಲ್ಲಿ ಮಜ್ಜಿಗೆಯ ಜಿಡ್ಡಿತ್ತೋ ಏನೋ, ಲೋಟ ಜಾರಿ ಕಲ್ಲಿನ ಮೇಲೆ ಬಿದ್ದು ಒಡೆಯಿತು.

ತಿರುಗಿ ನೋಡಿದರೆ ಶ್ವೇತ ನಿಂತಲ್ಲಿ ಇರಲಿಲ್ಲ. ಮೂಲೆಯಲ್ಲಿ, ಒಲೆಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕುಸಿದು, ಎರಡು ಕೈಯನ್ನೂ ತಲೆಯ ಮೇಲೆ ಅಡ್ಡ ಹಿಡಿದಿದ್ದಳು. ಮುರಿದು ಕೂಡಿದ ಕೈ ಮೇಲಿತ್ತು. ಕಣ್ಣು ಬಿಗಿಯಾಗಿ ಮುಚ್ಚಿದ್ದಳು.

ಹಿತ್ತಲ ಬಾಗಿಲಲ್ಲಿ ನಂಜ ನಿಂತಿದ್ದ. ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಸೆದ ಮೇಲೆ ಅವನು ಒಂದು ದಿನವೂ ಹಿಂದಿರುಗಿ ನೋಡಿದವನಲ್ಲ, ನೆಟ್ಟಗೆ ಹೊಳೆಗೆ ಹೋಗುತ್ತಿದ್ದ. ವಾಪಸು ಬರುವಷ್ಟರಲ್ಲಿ ನೆಲ ಗುಡಿಸಿ, ದೀಪ ಹಚ್ಚಿ, ಎಲ್ಲರೂ ನಗಲು ತಯಾರಾಗಿರುತ್ತಿದ್ದರು. ಅವನ ಬೆನ್ನ ಹಿಂದೆ ಮನೆಯಲ್ಲಿ ಏನಿರುತ್ತಿತ್ತು ಅನ್ನುವುದನ್ನು ಅವನು ನೋಡಿದ್ದು ಅವತ್ತೇ.

"ನಾನಲ್ಲ" ಅಂದ. ದನಿ ಹತ್ತು ವರ್ಷದ ಹುಡುಗನದು. "ಶ್ವೇತಾ, ನಾನಲ್ಲ ಕಣೆ. ನಾನು ಇಲ್ಲಿವ್ನಿ."

"ಗೊತ್ತು" ಅಂದಳು ಅವಳು, ಕೈಯ ಕೆಳಗಿನಿಂದ. ಕೈ ಮಾತ್ರ ಇಳಿಯಲಿಲ್ಲ.

ಅವನು ತಟ್ಟೆಯನ್ನು ಮೆಲ್ಲಗೆ ಇಟ್ಟ. ಅವಳ ಹತ್ತಿರ ಹೋಗಲಿಲ್ಲ. ದೂರದಲ್ಲೇ ಕೂತು ಗಾಜಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಹಳೆಯ ಪೇಪರಿನಲ್ಲಿ ಸುತ್ತಿದ. ಆಮೇಲೆ ನನ್ನನ್ನು ದಾಟಿ ಹಜಾರಕ್ಕೆ ಬಂದು ಚಪ್ಪಲಿ ಹಾಕಿಕೊಂಡ.

"ಅಕ್ಕಾ, ಅವಳು ಇಲ್ಲೇ ಇರ್ಲಿ. ಎಷ್ಟ್ ದಿನ ಬೇಕಾದ್ರೂ ಇರ್ಲಿ. ಇನ್ನು ನಾನು ಕರೆಯಾಕೆ ಬರಾಕಿಲ್ಲ."

"ಊರಿಗೆ ಓಗಿ ಒಬ್ನೇ ಏನ್ಲಾ ಮಾಡ್ತೀಯ?"

"ಗುರುವಾರ ಡಾಕ್ಟ್ರತಾವ ಓಗ್ಬೇಕು. ಇದ್ನ ಏಳ್ತೀನಿ ಅವ್ರಿಗೆ."

ಗೇಟನ್ನು ಮೆಲ್ಲಗೆ ಮುಚ್ಚಿದ. ಬಸ್‌ಸ್ಟ್ಯಾಂಡಿನ ದಾರಿ ಹಿಡಿದು ಹೋಗುತ್ತಿದ್ದವನ ಬೆನ್ನನ್ನೇ ನೋಡುತ್ತಾ ನಿಂತೆ. ಸೆರಗಿನಲ್ಲಿ ಆ ಎರಡು ಹಣ್ಣು ಇನ್ನೂ ಹಾಗೇ ಇದ್ದವು. ಮಗಾ, ಬಾರೋ ಅಂತ ಒಂದು ಸಲ ಕೂಗಿದ್ದರೆ ಸಾಕಾಗಿತ್ತು, ಬರುತ್ತಿದ್ದ. ನಾನು ಕರೆದರೆ ಬಾರದೆ ಇದ್ದವನೇ ಅಲ್ಲ ಅವನು. ಬಾಯಿ ತುಂಬ ಅವನ ಹೆಸರಿತ್ತು. ಕರೆಯಲಿಲ್ಲ.

ಅವನು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಶ್ವೇತಳ ಪಕ್ಕ ನೆಲದ ಮೇಲೆ ಕೂತೆ. ಒಂದು ಹಣ್ಣು ಸುಲಿದು, ಅರ್ಧ ಮಾಡಿ, ದೊಡ್ಡ ಅರ್ಧವನ್ನು ಅವಳ ಮುಂದೆ ಹಿಡಿದೆ. ಅದನ್ನು ತೆಗೆದುಕೊಳ್ಳಲು ಅವಳ ಒಂದು ಕೈ ತಲೆಯ ಮೇಲಿಂದ ಇಳಿಯಿತು. ಇನ್ನೊಂದು ಅಲ್ಲೇ ಇತ್ತು.